ಕೆಂಪು ಕಾರ್ಡಿನ ಜಗಳದಲ್ಲಿ ಹೊರಬಿದ್ದ ಇಬ್ಬರು

ಗೆಳೆಯರೇ, ನಮ್ಮ ಆನ್‌ಲೈನ್ ಫುಟ್‌ಬಾಲ್ ಕಮ್ಯುನಿಟಿಯಿಂದ ಇವತ್ತು ಬೆಳಿಗ್ಗೆ ನನ್ನನ್ನೂ ಬ್ಯಾಡಗಿಯ ಮಂಜುನಾಥನನ್ನೂ ತೆಗೆದುಹಾಕಿದ್ದಾರೆ. ಇಬ್ಬರೂ ಒಂದೇ ಕ್ಲಬ್ಬಿನ ಅಭಿಮಾನಿಗಳು. ನಮ್ಮ ನಾಯಕನಿಗೆ ಕೆಂಪು ಕಾರ್ಡ್ ತೋರಿಸಿದ್ದು ಅನ್ಯಾಯ ಎಂದು ಮಂಜುನಾಥ ಬರೆದ. ಮೊಣಕೈಯಿಂದ ಹೊಡೆದವನನ್ನು ಹೊರಗೆ ಕಳಿಸದೆ ಇನ್ನೇನು ಮಾಡಬೇಕಿತ್ತು, ರೆಫರಿ ತೀರ್ಪು ಕೊಟ್ಟ ಮೇಲೆ ವಾದ ಮಾಡಬಾರದು ಎಂದು ನಾನು ಬರೆದೆ. ಅವನು ನನ್ನನ್ನು ದ್ರೋಹಿ ಎಂದ. ನಾನೂ ಸುಮ್ಮನಿರಲಿಲ್ಲ.

ಕಮ್ಯುನಿಟಿ ನಡೆಸುವ ಈರಣ್ಣನಿಗೆ ಹಾವೇರಿಯಲ್ಲಿ ಸೈಬರ್ ಕೆಫೆ ಇದೆ. ನಾನು ರಾಣೆಬೆನ್ನೂರಿನಿಂದ ಫೋನ್ ಮಾಡಿದೆ.

“ಅಣ್ಣಾ, ನಾ ರೆಫರಿ ಪರ ಮಾತಾಡೇನಿ. ನನ್ನ ಯಾಕ ತಗದ್ರಿ?”

“ಇಬ್ರೂ ಬೈದೀರಿ, ಇಬ್ರೂ ಒಂದು ವಾರ ಹೊರಗ. ತೀರ್ಪು ಕೊಟ್ಟಮ್ಯಾಲ ವಾದ ಮಾಡಬಾರದು ಅಂತ ನೀನ ಬರದೀಯಲ್ಲ?”

ಮಧ್ಯಾಹ್ನ ಈರಣ್ಣನಿಂದ ನನ್ನ ನಂಬರ್ ಇಸಿದುಕೊಂಡು ಮಂಜುನಾಥನೇ ಫೋನ್ ಮಾಡಿದ. ಅವನ ದನಿ ಕೇಳಿದ್ದು ಇದೇ ಮೊದಲು.

“ಮೊದಲ ಬೈದಾಂವ ನಾನು. ನಿನ್ನ ಒಳಗ ತಗೋರಿ ಅಂತ ಈರಣ್ಣಗ ಹೇಳಿದೆ.”

“ಏನಂದ್ರು?”

“ತೀರ್ಪು ಪ್ರಶ್ನೆ ಮಾಡಿದ್ದಕ್ಕ ಇಬ್ರಿಗೂ ಇನ್ನೊಂದು ವಾರ ಅಂದ್ರು.”

ಸಿಟ್ಟು ಬರಬೇಕಿತ್ತು, ನಗು ಬಂತು. ಭಾನುವಾರದ ಪಂದ್ಯ ನೋಡಲು ಅವನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಗಲಾಟೆ ಮಾಡಿದರೆ ಹೊರಗೆ ಹಾಕುವ ಅಧಿಕಾರ ಅವನ ಅವ್ವನದಂತೆ. ಅವರು ಎಚ್ಚರಿಕೆಯ ಹಳದಿ ಕಾರ್ಡ್ ತೋರಿಸುವುದೇ ಇಲ್ಲವಂತೆ.