ಬೇರು ತೊಳೆದ ಸಸಿ

ಆಗ ನಮ್ಮ ಕಡೆ ನಾಟಿ ಯಂತ್ರ ಇನ್ನೂ ಹೊಸ ನೆಂಟ. ಹೊಸಬಾಳೆ ದಾರಿಯಲ್ಲಿ ಯಾರದೋ ಗದ್ದೆಗೆ ಇಳಿದಿದೆ ಎಂದರೆ ಸಾಕು, ಶಾಲೆ ಬಿಟ್ಟೊಡನೆ ಮನೆ ಮರೆತು ಬದುವಿನ ಮೇಲೆ ನಿಂತಿರುತ್ತಿದ್ದೆವು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಮಳೆಗಾಲ, ಅದು ನಮ್ಮ ತುಂಡು ಗದ್ದೆಗೂ ಬರುವುದೆಂದಾಯಿತು. ಅವ್ವನಿಗೆ ಸೊಂಟನೋವು, ಬಾಗಿ ನೆಡುವುದು ಕಷ್ಟವಾಗಿತ್ತು. ನಾಟಿ ಹೆಂಗಸರಿಗೆ ಅಪ್ಪ ಈ ಸಲ ಬೇಡ ಎಂದುಬಿಟ್ಟಿದ್ದ. ಅವರು ಶಿಕಾರಿಪುರದ ಕಡೆ ಕೆಲಸ ಒಪ್ಪಿಕೊಂಡಿದ್ದರು.

ಯಂತ್ರಕ್ಕೆ ಬೇಕಾದ ಸಸಿಯನ್ನು ಗದ್ದೆಯ ಸಸಿಮಡಿಯಲ್ಲಿ ಬೆಳೆಸುವಂತಿಲ್ಲ. ಹಿತ್ತಲಲ್ಲಿ ಟ್ರೇಗಳನ್ನಿಟ್ಟು, ತೆಳ್ಳಗೆ ಮಣ್ಣು ಹರಡಿ ಮೊಳಕೆ ಭತ್ತ ಚೆಲ್ಲಿದೆವು. ಬೇರು ಹೆಣೆದುಕೊಂಡು ಹಸಿರು ಚಾಪೆಯಂತೆ ಎದ್ದಿತು. ಮಕ್ಕಳಾಟದ ಸಸಿ ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು. ಆದರೂ ಆಗಾಗ ಹೋಗಿ ಸವರಿ ಬರುತ್ತಿದ್ದಳು.

ನಾಟಿಯ ದಿನ ನಸುಕಿನಲ್ಲೇ ಅಪ್ಪ, ಅವ್ವ, ನಾನು ಹೆಚ್ಚಿನ ನೀರು ಹೊರಬಿಡಲು ಗದ್ದೆಗೆ ಹೋದೆವು. ಹೊತ್ತೇರಿದ ಮೇಲೆ ಆನವಟ್ಟಿಯಿಂದ ಯಂತ್ರ ಬಂತು. ಅದನ್ನು ನಡೆಸುವವನನ್ನು ಕರೆದುಕೊಂಡು ಟ್ರೇ ತರಲು ಮನೆಗೆ ಬಂದರೆ, ಖಾಲಿ ಟ್ರೇಗಳು ಒಂದರ ಮೇಲೊಂದು ಕೂತಿವೆ. ಪಕ್ಕದಲ್ಲಿ ಬಾಳೆನಾರಿನಿಂದ ಬಿಗಿದ ಸಸಿಯ ಕಟ್ಟುಗಳು, ಬೇರು ಬೆಳ್ಳಗೆ. ಹಿತ್ತಲ ತುಂಬ ಹಸಿ ಮಣ್ಣಿನ ವಾಸನೆ. ನಮಗೆ ಕೈ ಆಸರೆಯಾಗಲೆಂದು ಅಜ್ಜಿ, ಜೀವಮಾನವಿಡೀ ಮಾಡಿದಂತೆ, ಸಸಿ ಕಿತ್ತು, ಮಣ್ಣು ತೊಳೆದು, ಕಟ್ಟಿಟ್ಟಿದ್ದಳು.

"ಅಜ್ಜಿ, ಆ ಮಣ್ಣಿದ್ರೇನೇ ಮಿಷನ್ನು ಸಸಿ ಹಿಡಿಯೋದು. ಇದನ್ನ ತಗೊಂಡು ನಾನೇನ್ ಮಾಡ್ಲಿ?" ಎಂದ ಯಂತ್ರದವನು.

ಅಪ್ಪ ಬಗ್ಗಿ ಕಟ್ಟುಗಳನ್ನು ಬುಟ್ಟಿಗೆ ತುಂಬತೊಡಗಿದ. ಬೈದಿದ್ದರೇ ಚೆನ್ನಾಗಿತ್ತು. ಯಂತ್ರ ಸರದಿಯಲ್ಲಿದ್ದ ಮುಂದಿನವರ ಗದ್ದೆಗೆ ಹೋಯಿತು. ನೆಡುವ ಆಳಿಲ್ಲ, ಬೇರೆ ಸಸಿಯಿಲ್ಲ, ಇದ್ದ ಎಳೆ ಸಸಿ ಬಿಟ್ಟರೆ ಬಾಡಿಹೋಗುತ್ತದೆ. ನಮ್ಮ ವರ್ಷದ ಅನ್ನ ಆ ಕಟ್ಟುಗಳಲ್ಲಿತ್ತು. ಅವ್ವ ಸೊಂಟಕ್ಕೆ ಹಳೆ ಸೀರೆ ಬಿಗಿದುಕೊಂಡಳು, ಮನೆಮಂದಿಯೆಲ್ಲ ಗದ್ದೆಗಿಳಿದೆವು. ಮಧ್ಯಾಹ್ನ ಬದುವಿನ ಮೇಲೆ ನಿಂತೇ ಅಕ್ಕಿರೊಟ್ಟಿ, ಕೆಂಪು ಚಟ್ನಿ ತಿಂದೆವು. ಅಜ್ಜಿ ತಿನ್ನಲಿಲ್ಲ.

ಸಂಜೆ ತಲೆಯೆತ್ತಿ ನೋಡಿದರೆ, ಹಿಂದೆ ಬಿದ್ದ ಅಜ್ಜಿಯ ಸುತ್ತಲೂ ನಾವು ನೆಟ್ಟ ಸಸಿ, ಹೊರಬರಲು ದಾರಿಯಿಲ್ಲ. ನಿಧಾನದವರನ್ನು ಹೀಗೆ ನಡುವೆ ಸಿಕ್ಕಿಸಿ ಗೋಳು ಹೊಯ್ದುಕೊಳ್ಳುವುದು ನಾಟಿ ಹೆಂಗಸರ ಹಳೆ ತಮಾಷೆ. ಅಜ್ಜಿಯೇ ಹರೆಯದಲ್ಲಿ ಎಷ್ಟು ಜನರನ್ನು ಸಿಕ್ಕಿಸಿದ್ದಳೋ. ಅವತ್ತು ಯಾರಿಗೂ ನಗು ಬರಲಿಲ್ಲ.

"ನಾ ಇಲ್ಲೇ ನಿಂತಿರ್ತೀನಿ. ನನ್ ಸಲುವಾಗಿ ಸಸಿ ತುಳೀಬ್ಯಾಡ್ರಿ" ಎಂದಳು ಅಜ್ಜಿ.

ಅವ್ವ ಸಸಿ ತುಳಿದುಕೊಂಡೇ ಹೋಗಿ ಅವಳ ಕೈ ಹಿಡಿದು ಕರೆತಂದಳು.

ಸಸಿ ಹೇಗೋ ಬೇರು ಹಿಡಿಯಿತು, ಆ ವರ್ಷ ಅನ್ನಕ್ಕೆ ಕೊರತೆಯಾಗಲಿಲ್ಲ. ಆದರೆ ಮುಂದಿನ ಮಳೆಗಾಲ ಟ್ರೇ ಇಟ್ಟಾಗಿನಿಂದ ಅಜ್ಜಿ ಹಿತ್ತಲ ಬಾಗಿಲು ದಾಟಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಯಂತ್ರ ಬರುವ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, "ನಾ ಏನೂ ಮುಟ್ಟಿಲ್ಲ ಅಂತ ನಿಮ್ಮಪ್ಪಂಗೆ ಹೇಳು ಮಗಾ" ಎಂದಳು. ನನಗೆ ಅಳು ಬಂತು.

ಯಂತ್ರವನ್ನು ನಾನು ಹಳಿಯುವುದಿಲ್ಲ. ಅವ್ವ ಇವತ್ತು ನೆಟ್ಟಗೆ ನಡೆಯುತ್ತಿದ್ದಾಳೆ ಎಂದರೆ ಅದರ ಪುಣ್ಯ. ಆದರೆ ಬೀಜ ಯಾವಾಗ ಚೆಲ್ಲಬೇಕು, ಸಸಿ ಯಾವಾಗ ಕೀಳಬೇಕು ಎಂದು ಮನೆಗೆಲ್ಲ ಹೇಳುತ್ತಿದ್ದವಳು, ಆಮೇಲೆ ಬದುಕಿದ್ದಷ್ಟೂ ಮಳೆಗಾಲ, ಒಂದು ಸಸಿ ಮುಟ್ಟಲೂ ನಮ್ಮ ಮುಖ ನೋಡುವಂತಾದಳು.