ತಾನಾಗಿ ಸವೆದ ಪೇಚು

ಲ್ಯಾಪ್‌ಟಾಪಿನ ಬೆನ್ನನ್ನು ಬಿಗಿದಿಟ್ಟಿರುವ ಸ್ಕ್ರೂಗಳನ್ನು ನೀವು ಎಂದಾದರೂ ಬೆಳಕಿಗೆ ಹಿಡಿದು ನೋಡಿದ್ದೀರೋ ಇಲ್ಲವೋ ಕಾಣೆ. ಸಾಸಿವೆಗಿಂತ ತುಸು ದೊಡ್ಡದಾದ ಆ ಶಿರದ ನಡುವೆ ಕೂಡಿಸುವ ಚಿಹ್ನೆಯಂಥ ಒಂದು ಗೀರು ಇರುತ್ತದೆ. ಸಲ್ಲದ ಕೈಯೊಂದು ಸಲ್ಲದ ಉಪಕರಣವನ್ನು ಅದರೊಳಗೆ ತುರುಕಿ ತಿರುವಿದರೆ ಗೀರಿನ ಅಂಚುಗಳೆಲ್ಲ ಅಳಿಸಿಹೋಗಿ ಚಿಹ್ನೆಯಿದ್ದಲ್ಲಿ ದುಂಡನೆಯ ಸೊನ್ನೆ ಉಳಿಯುತ್ತದೆ. ನನ್ನ ಲ್ಯಾಪ್‌ಟಾಪಿನ ಬೆನ್ನಿನಲ್ಲಿ ಅಂಥ ಮೂರು ಸೊನ್ನೆಗಳಿದ್ದವು. ಅವುಗಳನ್ನು ಕಂಡ ಗಳಿಗೆಯಲ್ಲಿ ಮನುಷ್ಯಕುಲದ ಮೇಲೆ ನನಗಿದ್ದ ಅಲ್ಪಸ್ವಲ್ಪ ವಿಶ್ವಾಸವೂ ಸವೆಯಿತು ಎಂದು ಬರೆಯಬಹುದಿತ್ತು, ಬರೆಯಲಾರೆ. ಯಾರೋ ಸವೆಸಿದರು. ಆ ಯಾರೋ ಯಾರು ಎಂಬುದೇ ನನ್ನ ತಕರಾರು.

ಯಾದಗಿರಿ ಸೀಮೆಯ ನಮ್ಮ ಸಗರದ ಹಿರಿಯರು ಸ್ಕ್ರೂವನ್ನು ಈಗಲೂ ಪೇಚು ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಪೇಚು ಎಂದರೆ ಇಕ್ಕಟ್ಟು. ಹೈದರಾಬಾದಿನ ಆಳ್ವಿಕೆ ನಮಗೆ ಬಿಟ್ಟುಹೋದ ಉರ್ದು ಮಾತುಗಳಲ್ಲಿ ಇಷ್ಟು ದೂರದೃಷ್ಟಿಯದು ಇನ್ನೊಂದಿಲ್ಲ: ಬಿಗಿಯಾಗಿರುವ ತನಕ ಒಂದು ಅರ್ಥ, ಸವೆದ ಮೇಲೆ ಇನ್ನೊಂದು.

ನಾನು ಇಕ್ಕಟ್ಟಿಗೆ ಸಿಕ್ಕಿದ್ದು ಬ್ಯಾಟರಿಯಿಂದ. ನಮ್ಮ ಬೇಸಿಗೆಯಲ್ಲಿ ಅದು ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿ, ಮೇಲಿನ ಕೀಲಿಮಣೆಯನ್ನೂ ಎತ್ತಿ, ಒಂದು ಮಧ್ಯಾಹ್ನ ಯಂತ್ರದ ಕಣ್ಣನ್ನೇ ಮುಚ್ಚಿಸಿತು. ಒಳಗೆ ನನ್ನ ಪಿಎಚ್‌ಡಿ ಮಹಾಪ್ರಬಂಧವಿತ್ತು. ಒಪ್ಪಿಸುವ ಗಡುವು ಬಾಗಿಲಿಗೆ ಬಂದಿತ್ತು. ಬೇರೆ ಪ್ರತಿ ಇರಲಿಲ್ಲ. ಆಕಾಶದಲ್ಲೆಲ್ಲೋ ಇರುವ ಅಪರಿಚಿತರ ಯಂತ್ರಗಳಿಗೆ ನನ್ನ ವಿದ್ವತ್ತನ್ನು ಒಪ್ಪಿಸಲು ಸಂಶಯಪಟ್ಟವಳು ನಾನೇ. ಪ್ರಬಂಧದ ವಿಷಯ, ಆಡಳಿತ ಕನ್ನಡದಲ್ಲಿ ಕರ್ತೃಲೋಪ. ‘ನೀರು ಬಿಡಲಾಗಿದೆ’, ‘ದುರಸ್ತಿ ಕೈಗೊಳ್ಳಲಾಗಿದೆ’ ಎಂಬ ಫಲಕಗಳನ್ನು ಓದಿದವರಿಗೆಲ್ಲ ಆ ಲೋಪ ಗೊತ್ತು: ಬಿಟ್ಟವರಿಲ್ಲ, ಕೈಗೊಂಡವರಿಲ್ಲ, ಕ್ರಿಯಾಪದ ಮಾತ್ರ ದಿಕ್ಕಿಲ್ಲದೆ ನಿಂತಿರುತ್ತದೆ. ಇಷ್ಟೆಲ್ಲ ಬರೆದವಳು ಮಾರ್ಗದರ್ಶಕರಿಗೆ ಮಾತ್ರ ‘ಪ್ರಬಂಧ ತಡವಾಗುತ್ತಿದೆ’ ಎಂದು ಸಂದೇಶ ಕಳಿಸಿದ್ದೆ, ಅದಕ್ಕೇ ಬಸ್ಸು ತಪ್ಪಿದೆಯೋ ಎಂಬಂತೆ.

ಮೊದಲು ಯಾದಗಿರಿಗೆ ಹೋಗಿ, ಆ ಲ್ಯಾಪ್‌ಟಾಪನ್ನು ನನಗೆ ಸೆಕೆಂಡ್ ಹ್ಯಾಂಡ್ ಮಾರಿದ ಅಂಗಡಿಯವರ ಮುಂದೆ ನಿಂತೆ. ಕೊಡುವಾಗ ಅವರು, “ಒಮ್ಮಿನೂ ಬಿಚ್ಚಿಲ್ರಿ ಮೇಡಂ, ಹೊಸಾದ್ರಂಗ ಅದ” ಎಂದಿದ್ದರು. ಈಗ ಮೂರು ಸೊನ್ನೆಗಳ ಮೇಲೆ ಬೆರಳಿಟ್ಟು ಬಿಚ್ಚಿದವರು ಯಾರೆಂದು ಕೇಳಿದೆ. ಅವರು ಅದನ್ನು ತಿರುಗಿಸಿ, ಮುರುಗಿಸಿ, ಊದಿ ನೋಡಿ ಹೇಳಿದರು: “ಬಿಸಿಲಿಗೆ ಹಂಗ ಸವದಾವ್ರಿ.” ನಮ್ಮ ಬಿಸಿಲಿನ ಮೇಲೆ ಸಾವಿರ ಅಪವಾದಗಳಿವೆ, ಆದರೆ ಸೂರ್ಯನಾರಾಯಣ ಸ್ಕ್ರೂಡ್ರೈವರ್ ಹಿಡಿದು ಲ್ಯಾಪ್‌ಟಾಪ್ ಬಿಚ್ಚಿದ ಎಂಬ ಅಪವಾದವನ್ನು ಅಂದೇ ಮೊದಲು ಕೇಳಿದೆ.

ರಿಪೇರಿಗೆ ಶಹಾಪುರಕ್ಕೆ ಹೊರಟಾಗ ಮಲ್ಲಮ್ಮತ್ತೆ ಜೊತೆಗಿದ್ದಳು. ಅತ್ತೆ ನನ್ನ ತಂದೆಯ ಅಕ್ಕ. ವನದುರ್ಗದ ಕಡೆ ಕಾಲುವೆಯ ಕೊನೆಯಲ್ಲಿ ಅವಳ ಹೊಲ. ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಕಾಲುವೆಯಲ್ಲಿ ನೀರು ದಂಡೆ ತುಂಬ ಹರಿಯುತ್ತಿತ್ತು. ಅದನ್ನು ನೋಡುತ್ತ ಅವಳು, ತಮ್ಮ ಮರಿಗಾಲುವೆಗೆ ಮಾತ್ರ ನೀರಿಲ್ಲವೆಂದೂ, ಅಲ್ಲಿನ ಗೇಟನ್ನು ಎತ್ತಿಳಿಸುವ ದೊಡ್ಡ ಪೇಚು ಸವೆದಿದೆ ಎನ್ನುತ್ತಾರೆಂದೂ, ಮೆಣಸಿನ ಗಿಡ ಹೂವಿನಲ್ಲೇ ಬಾಡುತ್ತಿದೆಯೆಂದೂ ಹೇಳಿದಳು. ಯಾರು ಸವೆಸಿದರಂತೆ ಎಂದು ಕೇಳಿದೆ. “ನೀರಾವರಿ ಸಾಹೇಬ್ರು ತಾನ ಸವದದ ಅಂತಾರ. ಸಬಕಾರ ಏನ ಅದು, ತಾನ ಸವೀಲಿಕ್ಕ?” ಸಾಬೂನು ಸವೆಯಲಿಕ್ಕೂ ಯಾರಾದರೂ ಸ್ನಾನ ಮಾಡಿರಬೇಕಷ್ಟೆ. ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಶೀರ್ಷಿಕೆ ಸಿಗುವಂತಿರಲಿಲ್ಲ. ಅಧ್ಯಾಯವೇ ಪೇಚುಗಳ ಹಿಂದೆ ಬಂದಿಯಾಗಿತ್ತು.

ಶಹಾಪುರದ ರಿಪೇರಿಯ ಬಸಣ್ಣ ಮಿತಭಾಷಿ. ನಾನಾದರೋ ಒಳಗಿನ ಒಳ್ಳೆಯ ಭಾಗ ತೆಗೆದು ಕೆಟ್ಟದ್ದು ಹಾಕುತ್ತಾನೆಂಬ ಮುನ್ನೆಚ್ಚರಿಕೆಯಿಂದ ಅವನ ಬೆರಳುಗಳಿಗೆ ದೃಷ್ಟಿ ನೆಟ್ಟು ಕುಳಿತಿದ್ದೆ.

“ನೀವು ಹಂಗ ನೋಡಾಕತ್ತಿದ್ರ ಪೇಚು ಅಂಜಿ ಇನ್ನೂ ಒಳಗ ಹೋಗ್ತಾವ್ರಿ ಮೇಡಂ” ಎಂದ.

“ಆಕಿ ಹುಟ್ಟಿದಾಗಿಂದ ಹಂಗ ನೋಡ್ತಾಳ ತಮ್ಮಾ. ಸೂಲಗಿತ್ತಿ ಮ್ಯಾಲೂ ಸಂಶೆ ಇತ್ತು ಆಕಿಗೆ” ಎಂದು ಅತ್ತೆ ನನ್ನ ಮರ್ಯಾದೆಯ ಕೊನೆಯ ತಿರುಪನ್ನೂ ಸಡಿಲಿಸಿದಳು.

ಸೈಕಲ್ ಟ್ಯೂಬಿನ ಒಂದು ಚೂರನ್ನು ಸವೆದ ಗೀರಿನ ಮೇಲಿಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಒತ್ತಿ, ಬಸಣ್ಣ ಮೆಲ್ಲಗೆ ತಿರುವಿದ. ರಬ್ಬರಿನ ಹಿಡಿತಕ್ಕೆ ಎರಡು ಪೇಚುಗಳು ಒಲ್ಲದ ಮನಸ್ಸಿನಿಂದ ಎದ್ದುಬಂದವು. ಮೂರನೆಯದು ಮಾತ್ರ ಯಾವ ಓಲೈಕೆಗೂ ಬಗ್ಗದೆ ಕುಳಿತಿತ್ತು. ಅದರ ತಲೆಯನ್ನೇ ಕೊರೆದು ತೆಗೆಯಬೇಕು. ಕೊರೆಯುವ ಮೊನೆ ಜಾರಿ ಉಬ್ಬಿದ ಬ್ಯಾಟರಿಗೆ ತಾಗಿದರೆ ಬೆಂಕಿ. ಬೆಂಕಿ ಎಂದರೆ ನನ್ನ ಇಷ್ಟು ವರ್ಷಗಳ ದುಡಿಮೆ ಬೂದಿ. ಬಸಣ್ಣ ಅದನ್ನೆಲ್ಲ ಹೇಳಿಯೇ ನನ್ನ ಒಪ್ಪಿಗೆ ಕೇಳಿದ. ಒಪ್ಪಿದೆ. ಒಪ್ಪಿದ್ದು ನಂಬಿಕೆಯಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ.

ಕೊರೆಯುವ ಸದ್ದಿನ ನಡುವೆ ಟಪ್ ಎಂಬ ಇನ್ನೊಂದು ಸದ್ದು. ಪೇಚಿನ ತಲೆಯೇನೋ ಹಾರಿತು. ಜೊತೆಗೆ ಮುಚ್ಚಳದ ಮೂಲೆಯೂ ಒಂದು ಬೆರಳಗಲ ಹಾರಿತು. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ‘ಮುರೀತು’ ಎನ್ನುತ್ತಾನೆ, ‘ಮೊದಲ ಸೀಳಿತ್ತು’ ಎನ್ನುತ್ತಾನೆ, ಬಿಸಿಲನ್ನಾದರೂ ಸಾಕ್ಷಿಗೆ ಕರೆಯುತ್ತಾನೆ ಎಂದು ಉಗ್ರವಾದ ಉತ್ತರವೊಂದನ್ನು ನಾಲಿಗೆಯ ತುದಿಗೆ ತಂದಿಟ್ಟುಕೊಂಡಿದ್ದೆ.

“ಮೂಲಿ ನಾ ಮುರದೀನ್ರಿ” ಎಂದ ಬಸಣ್ಣ.

ಎಂಥ ವಾಕ್ಯ! ಕರ್ಮವಿದೆ, ಕರ್ತೃವಿದೆ, ಕರ್ತೃವಿಗೆ ಒಪ್ಪುವ ಕ್ರಿಯಾಪದವಿದೆ. ನನ್ನ ಉಗ್ರವಾದ ಉತ್ತರ ಬಾಯಲ್ಲೇ ಕರಗಿತು. ಮಾಡಿದವನೇ ಎದುರು ನಿಂತಾಗ ಸಿಟ್ಟಿಗೆ ಸುತ್ತಾಡಲು ಜಾಗವೇ ಇರುವುದಿಲ್ಲ. ಸಿಟ್ಟು ಬೆಳೆಯುವುದು ಖಾಲಿ ಬಿಟ್ಟ ಜಾಗದಲ್ಲಿ. ಬ್ಯಾಟರಿ ಹೊರಬಂತು — ಬಸಣ್ಣ ಹೊರತೆಗೆದ ಎನ್ನಬೇಕು — ಚಾರ್ಜರಿನ ಬಲದಿಂದ ಯಂತ್ರ ಕಣ್ಣು ಬಿಟ್ಟಿತು; ಪ್ರಬಂಧ ತನ್ನ ಕರ್ತೃಲೋಪಗಳೊಂದಿಗೆ ಸುರಕ್ಷಿತವಾಗಿತ್ತು. ಹಿಂದೆ ಬಿಚ್ಚಿದವರು ಯಾರೆಂಬುದು ಮಾತ್ರ ಇಂದಿಗೂ ತಿಳಿದಿಲ್ಲ. ಆ ಸಂಶಯವನ್ನು ನಾನು ಬಿಟ್ಟುಕೊಟ್ಟಿಲ್ಲ.

ಸವೆದ ಪೇಚುಗಳಲ್ಲಿ ಒಂದನ್ನು ಅತ್ತೆ ಕೇಳಿ ಇಸಿದುಕೊಂಡಳು. ಏಕೆಂದು ತಿಳಿದದ್ದು ಮರುವಾರ, ಸಾಹೇಬರ ಜೀಪು ಅವಳ ಮರಿಗಾಲುವೆಯ ಗೇಟಿನ ಬಳಿ ನಿಂತಾಗ. ರೈತರ ಗುಂಪಿನಲ್ಲಿ ನಾನೂ ಇದ್ದೆ. ಸಾಹೇಬರು ದೂರದ ಊರಿನವರು, ಮೃದುಭಾಷಿ. “ಗೇಟಿನ ಸ್ಕ್ರೂ ಸವೆದಿದೆ, ಮೇಲಿನ ಕಚೇರಿಗೆ ಬರೆಯಲಾಗಿದೆ” ಎಂದರು. ನಾನು ವ್ಯಾಕರಣದ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಅಂಗೈಯಲ್ಲಿ ಆ ಸಾಸಿವೆಯಷ್ಟು ಪೇಚನ್ನು ಹಿಡಿದು ಮುಂದೆ ನಿಂತಳು.

“ಇದರ ತಲಿ ಯಾರೋ ತಿಂದಾರ್ರಿ ಸಾಹೇಬ್ರ. ನಮ್ಮ ಗೇಟಿಂದು ಯಾರು ತಿಂದಾರ?”

“ಅದು ಹಳೇದಾಯ್ತಮ್ಮ.”

“ಆಗ್ಲಿರಿ. ಬರೆಯಲಾಗ್ಯದ ಅಂದ್ರಲ್ಲಾ, ಯಾರು ಬರದಾರ?”

ಸಾಹೇಬರು ಗೇಟನ್ನು ನೋಡಿದರು, ಜೀಪನ್ನು ನೋಡಿದರು, ಆ ಪೇಚನ್ನೂ ನೋಡಿದರು. ಕೊನೆಗೆ, “ನಾನು ಬರೀತೀನಮ್ಮ, ನಾಳೆ” ಎಂದರು.

ಗುಂಪು ಸಮಾಧಾನಗೊಂಡು ಚದುರಿತು. ನನಗೆ ಸಮಾಧಾನವಿಲ್ಲ: ಕರ್ತೃ ಸಿಕ್ಕಿದ್ದಾನೆ, ಈಗ ನನ್ನ ಸಂಶಯ ಕಾಲದ ಮೇಲೆ. ‘ಬರೀತೀನಿ, ನಾಳೆ’ ಎಂಬ ಭವಿಷ್ಯತ್ತು ಎಷ್ಟು ದೂರದ್ದೆಂದು ಯಾವ ವ್ಯಾಕರಣವೂ ಹೇಳುವುದಿಲ್ಲ. ಇದನ್ನು ಮೂಲೆ ಮುರಿದ ಅದೇ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದೇನೆ. ಮುರಿದದ್ದು ಹೇಗೆಂದು ಕೇಳಿದವರಿಗೆ ಬಸಣ್ಣ ಮುರಿದನೆಂದು ಗೌರವದಿಂದ ಹೇಳುತ್ತೇನೆ. ಮಾರ್ಗದರ್ಶಕರಿಗೂ ‘ತಡಮಾಡಿದವಳು ನಾನು’ ಎಂದು ತಿದ್ದಿ ಕಳಿಸಿದ್ದೇನೆ. ಆ ಮೂರು ಸೊನ್ನೆಗಳಲ್ಲಿ ಒಂದು ಈಗ ಅತ್ತೆಯ ಸೆರಗಿನ ಗಂಟಿನಲ್ಲಿದೆ. ವಾಪಸು ಕೇಳಿದೆ. “ಗೇಟು ಏಳಲಿ, ಬಿಚ್ತೀನಿ” ಎಂದಳು.