ನಮ್ಮೂರಿಗೆ ಸಿಕ್ಕ ಕಂಚು

ಕೋಚ್ ಸರ್ ಅವರ ಮುಂದಿನ ಎರಡು ಹಲ್ಲುಗಳ ನಡುವೆ ಸೀಟಿ ಸಿಕ್ಕಿಸುವುದಕ್ಕೆಂದೇ ಬಿಟ್ಟಂತಿದ್ದ ಒಂದು ಸಂದಿ. ಸೀಟಿ ಅಲ್ಲೇ ಇಟ್ಟುಕೊಂಡು ಮಾತಾಡುತ್ತಿದ್ದರು, ಹಾಗಾಗಿ ಬೈಗುಳಕ್ಕೆಲ್ಲ ಸಂಗೀತ ಇರುತ್ತಿತ್ತು. ಹಗಲು ಯಾವುದೋ ಸಚಿವಾಲಯದಲ್ಲಿ ಗುಮಾಸ್ತರು, ಬೆಳಿಗ್ಗೆ ಡೆಲ್ಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿ ಹಿಂದಿನ ಪಾರ್ಕಿನಲ್ಲಿ ಖೋ ಖೋ ಕಲಿಸುವವರು. ಅಮ್ಮ ಆಗಾಗ ಕಳಿಸುತ್ತಿದ್ದ ಕೋಡುಬಳೆಯೇ ಗುರುದಕ್ಷಿಣೆ.

ನನ್ನ ಆಟ ಎಂಥದೆಂದರೆ, ಒಮ್ಮೆ ಓಡುವ ಭರದಲ್ಲಿ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಅಂಕಲ್ ಬೆನ್ನಿಗೆ ಖೋ ಕೊಟ್ಟಿದ್ದೇನೆ. ಪಾಪ, ಅವರು ಎದ್ದು ಓಡಿದರು ಕೂಡ. ಸರ್ ಸೀಟಿಯೊಳಗಿಂದಲೇ, "ಅವ್ರನ್ನ ಟೀಮಿಗೆ ತಗೋತೀನಿ, ನೀನು ಪೇಪರ್ ಓದ್ಕೊಂಡಿರು" ಅಂದರು. ಆದರೂ ಕೈಬಿಡಲಿಲ್ಲ. ಡೆಲ್ಲಿಯ ಚಳಿ, ಹೊಗೆ ಯಾವುದನ್ನೂ ಲೆಕ್ಕಿಸದೆ ಓಡಿಸಿದರು. ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಜೂನಿಯರ್ ನ್ಯಾಷನಲ್ಸ್‌ನಲ್ಲಿ ನಮ್ಮ ತಂಡಕ್ಕೆ ಕಂಚು ಬಂತು. ನನ್ನ ಮಾರ್ಕ್ಸ್ ನೋಡಿದರೆ ಒಳ್ಳೆಯ ಕಾಲೇಜಿನ ವಾಚ್‌ಮನ್ ಕೂಡ ಗೇಟು ತೆಗೆಯುತ್ತಿರಲಿಲ್ಲ. ಸ್ಪೋರ್ಟ್ಸ್ ಕೋಟಾ ಒಂದೇ ದಾರಿ.

ಮರುವರ್ಷ ಬೋರ್ಡ್ ಪರೀಕ್ಷೆ, ಪ್ರವೇಶ ಪರೀಕ್ಷೆ, ಕೋಟಾದ ಟ್ರಯಲ್ಸ್ ಎಲ್ಲ ಒಂದರ ಮೇಲೊಂದು ಬಿದ್ದವು. ಅಪ್ಪನಿಗೆ ನಾನು ಹುಟ್ಟಿದ ದಿನ ನೆನಪಿರುವುದಿಲ್ಲ. ನನ್ನ ಅರ್ಜಿಯ ಪೋರ್ಟಲ್ ಎಂದು ತೆರೆಯುತ್ತದೆ, ಎಂದು ಮುಚ್ಚುತ್ತದೆ ಅನ್ನುವುದು ಸರ್‌ಗೆ ಬಾಯಿಪಾಠ. "ಖೋ ಬರೋಕೆ ಮುಂಚೆ ಎದ್ರೆ ಫೌಲು, ಬಂದ್ಮೇಲೂ ಕೂತಿದ್ರೆ ಮುಠ್ಠಾಳ" ಅಂತ ಫೋನ್ ಮಾಡಿ ಎಬ್ಬಿಸುತ್ತಿದ್ದರು.

ಎಡವಿದ್ದು ಒಂದು ಅಕ್ಷರಕ್ಕೆ. ನನ್ನ ಹೆಸರಿನ ಜೊತೆ ಒಂದು 'ಎಚ್' ಇದೆ. ಅದು ಅಪ್ಪನ ಹೆಸರು, ಹನುಮಂತಯ್ಯ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಪೂರ್ತಿ ಬಿಡಿಸಿ ಬರೆದಿದೆ. ನ್ಯಾಷನಲ್ಸ್‌ಗೆ ಸರ್ ನಮ್ಮ ಹೆಸರು ಕೊಡುವಾಗ ಅಲ್ಲಿನ ಕಂಪ್ಯೂಟರ್ ಒಂಟಿ ಅಕ್ಷರ ಒಪ್ಪದೆ ಸರ್‌ನೇಮ್ ಕೇಳಿತಂತೆ. ಡೆಲ್ಲಿಯಲ್ಲಿ ಸರ್‌ನೇಮ್ ಇಲ್ಲದವನು ಅರ್ಧ ಮನುಷ್ಯ. ಸರ್ ಮನೆತನದಲ್ಲಿ ಇನಿಷಿಯಲ್ ಅಂದರೆ ಊರು. ನಮ್ಮೂರು ಹುಲಿಕೆರೆ ಅಂತ ಅಮ್ಮ ಎಂದೋ ಹೇಳಿದ್ದು ಅವರಿಗೆ ನೆನಪಿತ್ತು. ಹೆಮ್ಮೆಯಿಂದ ಹುಲಿಕೆರೆ ಅಂತ ತುಂಬಿಸಿದರು. ಸರ್ಟಿಫಿಕೇಟ್ ಬಂದಾಗ ಮನೆಮಂದಿಯೆಲ್ಲ 'ಕಂಚು' ಅನ್ನುವುದನ್ನಷ್ಟೇ ಓದಿದೆವು.

ದಾಖಲೆ ತಪಾಸಣೆಯ ದಿನ ಕೌಂಟರಿನ ಮೇಡಂ ಉಳಿದದ್ದನ್ನೂ ಓದಿದರು.

"ಬೇಟಾ, ಯೇ ಹುಲಿಕೆರೆ ಕೌನ್ ಹೈ?"

"ಹಮಾರಾ ಗಾಂವ್ ಹೈ, ಮ್ಯಾಮ್."

"ತೋ ಗಾಂವ್ ಕಾ ಅಡ್ಮಿಷನ್ ಕರಾವೋ."

ಹುಲಿಕೆರೆ ಯಾರು ಅಂದಿದ್ದಕ್ಕೆ ನಮ್ಮೂರು ಅಂದೆನಲ್ಲ, ಹಾಗಾದರೆ ಸೀಟು ನಿಮ್ಮೂರಿಗೇ ಕೊಡಿಸು ಅಂತ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ತಿದ್ದಿಸಿ ತರಲು ವಾರದ ಕೊನೆಯವರೆಗೆ ಸಮಯ ಕೊಟ್ಟರು. ಸರ್ ಆಫೀಸಿಗೆ ರಜೆ ಹಾಕಿ ಕ್ರೀಡಾ ಸಂಘದ ಬಾಗಿಲಲ್ಲಿ ಕೂತರು. ಸಹಿ ಮಾಡಬೇಕಾದ ಸೆಕ್ರೆಟರಿ ಮಗಳ ಮದುವೆಯ ಗಡಿಬಿಡಿಯಲ್ಲಿದ್ದರು. ಡೆಲ್ಲಿಯಾಚೆ ಮಾನೇಸರ್ ಹತ್ತಿರದ ಆ ಮದುವೆ ಮನೆಗೂ ಹೋಗಿ ಬಂದು, "ಊಟ ಹಾಕಿದ್ರು ಕಣೋ, ಸಹಿ ಹಾಕ್ಲಿಲ್ಲ" ಅಂದರು. ಪೋರ್ಟಲ್ ಮುಚ್ಚಿತು. ಸೀಟು ಹೋಯಿತು.

ಅಪ್ಪ ಸರ್ ಜೊತೆ ಮಾತು ಬಿಟ್ಟರು. ಅಮ್ಮ ಕೋಡುಬಳೆ ನಿಲ್ಲಿಸಿದರು. ನಾನು ಪಾರ್ಕಿನ ಕಡೆ ತಲೆಹಾಕದೆ, ಹುಲಿಕೆರೆಯ ಕಥೆಗೆ ಉಪ್ಪುಖಾರ ಹಚ್ಚಿ ಕಂಡವರಿಗೆಲ್ಲ ಹೇಳಿ ನಗಿಸಿದೆ.

ಕಾಲೇಜುಗಳೆಲ್ಲ ಶುರುವಾದ ಮೇಲೆ ಒಂದು ಸಂಜೆ ಬೆಲ್ ಆಯಿತು. ಲಿಫ್ಟ್ ಕೆಟ್ಟಿತ್ತು. ಸರ್ ಮೆಟ್ಟಿಲು ಹತ್ತಿ ಬಂದು, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದರು.

"ಹನುಮಂತಯ್ಯನೋರೇ, ತಿದ್ದಿಸ್ಕೊಂಡು ಬಂದೆ. ಈಗ ನಿಮ್ಮ ಹೆಸರೇ ಇದೆ."

"ಏನ್ ಮಾಡ್ಲಿ ಇದನ್ನ, ಗೋಡೆಗೆ ಅಂಟಿಸ್ಲಾ?"

ಅಪ್ಪ ಸರ್ಟಿಫಿಕೇಟ್ ಇಸಕೊಂಡರು. ಒಳಗೆ ಬನ್ನಿ ಅನ್ನಲಿಲ್ಲ, ನೀರು ಬೇಕಾ ಅಂತಲೂ ಕೇಳಲಿಲ್ಲ. ಸರ್ ಅಪ್ಪನ ಭುಜದ ಮೇಲಿಂದ ನನ್ನ ಕಡೆ ನೋಡಿ, "ಮುಂದಿನ ವರ್ಷನೂ ಪೋರ್ಟಲ್ ತೆಗೀತಾರಪ್ಪ. ಓಡೋದು ಬಿಡಬೇಡ" ಅಂದರು. ನಾನು ಸೋಫಾದಲ್ಲಿ ಮೊಬೈಲ್ ಹಿಡಿದು ಕೂತೇ ಇದ್ದೆ. ಬಾಗಿಲು ಮುಚ್ಚಿತು.

ಆ ಚಳಿಗಾಲದಲ್ಲಿ ಸರ್ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಅಪ್ಪ ಒಬ್ಬರೇ ಹೋಗಿ ಊಟ ಮಾಡಿಕೊಂಡು ಬಂದರು. ಚಪ್ಪಲಿ ಬಿಡುತ್ತಾ, "ಎಂಥಾ ಒಳ್ಳೇ ಮನುಷ್ಯ ಕಣೋ" ಅಂದರು.

"ಅದನ್ನ ಹೇಳೋಕೆ ಲಾಸ್ಟ್ ಡೇಟ್ ಮುಗೀತು, ಅಪ್ಪ" ಅಂದೆ.

ಅಭ್ಯಾಸಬಲ, ಜೋಕಿನ ಧಾಟಿಯಲ್ಲೇ ಅಂದದ್ದು. ಅಪ್ಪ ನಗಲಿಲ್ಲ. ನನಗೂ ನಗಲಾಗಲಿಲ್ಲ.